ಮುಂದಾಳು, ತಂಡ ಮತ್ತು ಹೃದಯದ ಆರೋಗ್ಯ

ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ನೆಲಸಿದ ಕನ್ನಡಿಗನಿಗೆ ಅವನ ಕಚೇರಿಯಲ್ಲಿ ದೊರೆಯುವ ಪ್ರಶಂಸೆಯು ಸಾಮಾನ್ಯವಾಗಿ ಒಂದೇ ಬಗೆಯದಾಗಿರುತ್ತದೆ. ಆತ ನಂಬಿಗಸ್ತ, ದುಡಿಮೆಗಾರ, ಯಾರ ತಂಟೆಗೂ ಹೋಗದವನು, ಹೇಳಿದ್ದನ್ನು ಹೇಳಿದ ಹೊತ್ತಿಗೆ ಮಾಡಿ ಮುಗಿಸುವವನು. ಈ ಮಾತುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ವಿಭಾಗದ ಮುಖ್ಯಸ್ಥನ ಕುರ್ಚಿ ತೆರವಾದಾಗ ಈ ನಂಬಿಗಸ್ತನ ಹೆಸರು ಬಹಳ ಮಂದಿಗೆ ನೆನಪಾಗುವುದಿಲ್ಲ. ನೆನಪಾದರೂ ಹಲವು ವೇಳೆ ಆತನೇ ಹಿಂದೆ ಸರಿದುಬಿಡುತ್ತಾನೆ. ಹೇಳಿದ್ದನ್ನು ಮಾಡುವುದು ಒಂದು ಗುಣ. ಯಾರೂ ಹೇಳದಿದ್ದರೂ ಆಗಬೇಕಾದುದನ್ನು ಕಂಡು ತಾನಾಗಿ ಮುಂದೆ ಬರುವುದು ಇನ್ನೊಂದು ಗುಣ. ಮೊದಲನೆಯದಕ್ಕೆ ಸಂಬಳ ಬರುತ್ತದೆ, ಎರಡನೆಯದಕ್ಕೆ ಕುರ್ಚಿ ಬರುತ್ತದೆ.

ಸರಕಾರಿ ಬ್ಯಾಂಕುಗಳಲ್ಲಿ ಈ ಹಿಂದೆಗೆತವನ್ನು ಕಣ್ಣಾರೆ ಕಾಣಬಹುದು. ಬಡ್ತಿಯ ಸುತ್ತೋಲೆ ಬಂದಾಗ ಅರ್ಹರಾದ ಗುಮಾಸ್ತರಲ್ಲಿ ಎಷ್ಟೋ ಮಂದಿ ಅರ್ಜಿಯನ್ನೇ ಹಾಕುವುದಿಲ್ಲ. ಅಧಿಕಾರಿಯಾದೊಡನೆ ವರ್ಗಾವಣೆ, ವರ್ಗಾವಣೆಯಾದರೆ ಮಗಳ ಹತ್ತನೆಯ ತರಗತಿಯ ಗತಿಯೇನು, ಡೊಂಬಿವಲಿಯ ಫ್ಲಾಟಿನ ಸಾಲದ ಕಂತಿನ ಗತಿಯೇನು, ಊರಿನಿಂದ ಕರೆತಂದು ಇರಿಸಿಕೊಂಡ ವೃದ್ಧ ತಾಯಿಯನ್ನು ನೋಡಿಕೊಳ್ಳುವವರು ಯಾರು? ಇವು ಹುಸಿ ನೆಪಗಳಲ್ಲ. ಈ ಕಾರಣಕ್ಕಾಗಿ ಬಡ್ತಿಯನ್ನು ಬೇಡವೆಂದವರನ್ನು ಹಗುರಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಇದರೊಡನೆ ಇನ್ನೊಂದು ಕಾರಣವನ್ನೂ ಹೇಳುವುದುಂಟು. "ಹೊಣೆ ಹೊತ್ತವರೆಲ್ಲ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರುತ್ತಾರೆ, ನಮಗೆ ಈ ಮೇಜು, ಈ ಕೆಲಸ, ರಾತ್ರಿಯ ನಿದ್ದೆ ಸಾಕು" ಎಂಬ ಮಾತು ಅದು. ಕೇಳಲು ವಿವೇಕದಂತೆ ತೋರುವ ಈ ಮಾತನ್ನು ವೈದ್ಯಶಾಸ್ತ್ರವು ಪರೀಕ್ಷಿಸಿ ನೋಡಿದೆ. ಫಲಿತಾಂಶವು ಅನೇಕರು ಎಣಿಸಿದಂತೆ ಬಂದಿಲ್ಲ.

ಲಂಡನ್ನಿನ ಸರಕಾರಿ ಕಚೇರಿಗಳ ಬೀದಿಗೆ ವೈಟ್‌ಹಾಲ್ ಎಂದು ಹೆಸರು. ಅಲ್ಲಿಯ ಸುಮಾರು 18,000 ಮಂದಿ ಪುರುಷ ನೌಕರರನ್ನು 1967ರಲ್ಲಿ ಆರಂಭಿಸಿ ವರ್ಷಗಟ್ಟಲೆ ಗಮನಿಸಲಾಯಿತು. ಇವರಲ್ಲಿ ಹಸಿದವರಾಗಲಿ ಸೂರಿಲ್ಲದವರಾಗಲಿ ಇರಲಿಲ್ಲ. ಎಲ್ಲರಿಗೂ ಖಾಯಂ ಕೆಲಸ, ಎಲ್ಲರಿಗೂ ನಿವೃತ್ತಿವೇತನ. ಆದರೂ ಅತ್ಯಂತ ಕೆಳದರ್ಜೆಯ ನೌಕರರಲ್ಲಿ ಹೃದ್ರೋಗದಿಂದ ಸತ್ತವರ ಪ್ರಮಾಣವು ಅತ್ಯಂತ ಮೇಲಿನ ಆಡಳಿತಾಧಿಕಾರಿಗಳಲ್ಲಿದ್ದುದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಮೆಟ್ಟಿಲು ಮೆಟ್ಟಿಲಾಗಿ, ದರ್ಜೆ ಇಳಿದಂತೆ ಅಪಾಯವು ಏರುತ್ತ ಹೋಗಿತ್ತು. ಧೂಮಪಾನ, ರಕ್ತದೊತ್ತಡ, ಕೊಲೆಸ್ಟೆರಾಲ್ ಮೊದಲಾದ ಪರಿಚಿತ ಕಾರಣಗಳನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ಈ ಅಂತರದ ಅರ್ಧದಷ್ಟನ್ನೂ ವಿವರಿಸಲು ಆಗಲಿಲ್ಲ.

ಉಳಿದ ಭಾಗವನ್ನು ಹುಡುಕುವ ಸಲುವಾಗಿ 1985ರಲ್ಲಿ ಎರಡನೆಯ ಅಧ್ಯಯನವು ಮೈಕೇಲ್ ಮಾರ್ಮಟ್ ಅವರ ನೇತೃತ್ವದಲ್ಲಿ ಆರಂಭವಾಯಿತು. 35ರಿಂದ 55 ವಯಸ್ಸಿನ 10,308 ಮಂದಿ, ಈ ಸಲ ಸ್ತ್ರೀಯರೂ ಸೇರಿ, ಇದಕ್ಕೆ ಒಳಪಟ್ಟರು. ಅವರ ರಕ್ತವನ್ನು ಪರೀಕ್ಷಿಸಿದ್ದಲ್ಲದೆ ಅವರ ಕೆಲಸದ ಸ್ವರೂಪವನ್ನೂ ಕೇಳಲಾಯಿತು: ಯಾವ ಕೆಲಸವನ್ನು ಮೊದಲು ಮಾಡಬೇಕೆಂಬುದನ್ನು ನೀವು ನಿರ್ಧರಿಸಬಲ್ಲಿರಾ? ನಿಮ್ಮ ಬುದ್ಧಿಯನ್ನು ಉಪಯೋಗಿಸಲು ಅವಕಾಶವಿದೆಯೇ? 1997ರಲ್ಲಿ ಪ್ರಕಟವಾದ ಫಲಿತಾಂಶಗಳ ಪ್ರಕಾರ, ತಮ್ಮ ಕೆಲಸದ ಮೇಲೆ ತಮಗೆ ಹತೋಟಿ ಇಲ್ಲದವರಲ್ಲಿ ಹೃದ್ರೋಗದ ಸಂಭವವು ಸ್ಪಷ್ಟವಾಗಿ ಹೆಚ್ಚಾಗಿತ್ತು. ದರ್ಜೆಗಳ ನಡುವಿನ ಅಂತರಕ್ಕೆ ಈ ಹತೋಟಿಯ ಕೊರತೆಯು ಒಂದು ದೊಡ್ಡ ಕಾರಣವಾಗಿತ್ತು. ಅಮೆರಿಕದ ರಾಬರ್ಟ್ ಕಾರಾಸೆಕ್ ಅವರು 1979ರಲ್ಲಿಯೇ ಇದೇ ದಿಕ್ಕಿನ ಮಾತನ್ನು ಹೇಳಿದ್ದರು: ಕೆಲಸದ ಒತ್ತಡ ಹೆಚ್ಚಾಗಿದ್ದು ನಿರ್ಧರಿಸುವ ಸ್ವಾತಂತ್ರ್ಯ ಕಡಮೆಯಾಗಿರುವ ಸ್ಥಿತಿಯೇ ಎಲ್ಲಕ್ಕಿಂತ ಹಾನಿಕರ.

ಇದರಿಂದ ಎಲ್ಲರೂ ಮ್ಯಾನೇಜರಾಗಬೇಕೆಂದೇನೂ ಅರ್ಥವಲ್ಲ. ಹತೋಟಿ ಎಂಬುದು ಹುದ್ದೆಯ ಫಲಕದಲ್ಲಿ ಇರುವ ವಸ್ತುವಲ್ಲ. ನಗದು ವಿಭಾಗದಲ್ಲಿ ಕುಳಿತವನಿಗೂ ತನ್ನ ದಿನದ ಕೆಲಸದ ಕ್ರಮವನ್ನು ತಾನೇ ಜೋಡಿಸಿಕೊಳ್ಳುವ ಸ್ವಾತಂತ್ರ್ಯವಿರಬಹುದು. ದೊಡ್ಡ ಹುದ್ದೆಯಲ್ಲಿದ್ದವನು ಗಂಟೆಗೊಮ್ಮೆ ವಲಯ ಕಚೇರಿಗೆ ಅಂಕಿಅಂಶ ಕಳುಹಿಸುವ ಯಂತ್ರವಾಗಿರಬಹುದು. ಹಾಗೆಯೇ ಹೊಣೆಯ ಹೆಸರಿನಲ್ಲಿ ಹಗಲಿರುಳು ದುಡಿಯುವುದು ಆರೋಗ್ಯಕ್ಕೆ ಒಳ್ಳೆಯದೆಂದೂ ಅರ್ಥವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಜಂಟಿಯಾಗಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಹೆಚ್ಚು. ರಾತ್ರಿ ಹತ್ತೂವರೆಗೆ ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ "ನಾಳೆ ಬೆಳಿಗ್ಗೆ ಎಷ್ಟು ಖಾತೆ ತೆರೆಯುತ್ತೀರಿ?" ಎಂದು ಕೇಳುವ ಮುಖ್ಯಸ್ಥನು ಮುಂದಾಳತ್ವವನ್ನು ತೋರುತ್ತಿಲ್ಲ, ತನ್ನ ನಿದ್ರಾಹೀನತೆಯನ್ನು ಹನ್ನೆರಡು ಮನೆಗಳಿಗೆ ಹಂಚುತ್ತಿದ್ದಾನೆ.

ಮುಂದಾಳಿನ ನಡತೆಯು ಕೈಕೆಳಗಿನವರ ಹೃದಯವನ್ನು ತಟ್ಟುವ ಬಗೆಯನ್ನು ವೈಟ್‌ಹಾಲಿನ ಇನ್ನೊಂದು ವರದಿಯು ತಿಳಿಸುತ್ತದೆ. ಮೇಲಧಿಕಾರಿಯು ನಿಮ್ಮ ತೊಂದರೆಯನ್ನು ಕೇಳಿಸಿಕೊಳ್ಳುತ್ತಾನೆಯೇ, ಅಕಾರಣವಾಗಿ ಟೀಕಿಸುತ್ತಾನೆಯೇ, ಚೆನ್ನಾಗಿ ಮಾಡಿದಾಗ ಹೊಗಳುತ್ತಾನೆಯೇ, ಸಾಕಷ್ಟು ಮಾಹಿತಿ ಕೊಡುತ್ತಾನೆಯೇ ಎಂಬಂತಹ ಸರಳ ಪ್ರಶ್ನೆಗಳಿಗೆ ನೌಕರರು ಕೊಟ್ಟ ಉತ್ತರಗಳನ್ನು ಆಧರಿಸಿದ ವರದಿಯಿದು; 2005ರಲ್ಲಿ ಪ್ರಕಟವಾಯಿತು. ತಮ್ಮನ್ನು ನ್ಯಾಯವಾಗಿ ನಡೆಸಿಕೊಳ್ಳಲಾಗುತ್ತಿದೆ ಎಂದು ಹೇಳಿದ ಪುರುಷರಲ್ಲಿ ಹೃದ್ರೋಗದ ಅಪಾಯವು ಉಳಿದವರಿಗಿಂತ ಸುಮಾರು ಮೂರನೆಯ ಒಂದು ಪಾಲಿನಷ್ಟು ಕಡಮೆಯಾಗಿತ್ತು. ಬೆಳಿಗ್ಗೆ ನಡೆದಾಡಿ, ಉಪ್ಪು ಎಣ್ಣೆ ಬಿಟ್ಟು ಕಾಪಾಡಿಕೊಂಡ ಎದೆಯನ್ನು ಕಚೇರಿಯಲ್ಲಿ ಒಬ್ಬರು ಕೆಡಿಸಬಲ್ಲರು ಎಂಬುದನ್ನು ಹೆಂಡತಿಯರು ಮೊದಲಿನಿಂದಲೂ ಬಲ್ಲರು. ವಿಜ್ಞಾನಿಗಳಿಗೆ ತಿಳಿಯಲು ಕೊಂಚ ಕಾಲ ಹಿಡಿಯಿತು.

ಬಾಯಿ ಬಿಡಲಾಗದ ತಂಡಕ್ಕೆ ತಗಲುವ ವೆಚ್ಚವು ಕೆಲವೊಮ್ಮೆ ಒಂದೇ ಗಳಿಗೆಯಲ್ಲಿ ವಸೂಲಾಗುತ್ತದೆ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜಿನ ನಡುವೆ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಸತ್ತರು. ಹಾರಲು ಓಡತೊಡಗಿದ ಡಚ್ ವಿಮಾನದ ಕ್ಯಾಪ್ಟನ್ ಆ ಸಂಸ್ಥೆಯ ಅತ್ಯಂತ ಹಿರಿಯ ತರಬೇತುದಾರರಲ್ಲಿ ಒಬ್ಬರು. ಇನ್ನೊಂದು ವಿಮಾನವು ಓಡುದಾರಿಯಿಂದ ಸರಿದಿಲ್ಲವೇನೋ ಎಂಬ ಸಂಶಯವನ್ನು ಅವರ ಹಿಂದೆ ಕುಳಿತಿದ್ದ ಫ್ಲೈಟ್ ಇಂಜಿನಿಯರ್ ಪ್ರಶ್ನೆಯ ರೂಪದಲ್ಲಿ ಆಡಿದರು. ಕ್ಯಾಪ್ಟನ್ ಖಚಿತವಾಗಿ ಸಮಾಧಾನ ಹೇಳಿದರು. ಕೇಳಿದವರು ಮತ್ತೆ ಒತ್ತಿ ಕೇಳಲಿಲ್ಲ. ಅಪಘಾತಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಈ ಎರಡು ಮಾತುಗಳು ವಿಮಾನಯಾನದ ಶಿಕ್ಷಣವನ್ನೇ ಬದಲಾಯಿಸಿದವು. 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಈ ಬಗ್ಗೆ ವಿಚಾರಗೋಷ್ಠಿ ನಡೆಸಿತು. 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಸಿಬ್ಬಂದಿಗೆ ತರಬೇತಿಯನ್ನು ಆರಂಭಿಸಿತು. ಕಿರಿಯನು ಸಂಶಯವನ್ನು ನುಂಗದೆ ಹೇಳುವುದನ್ನು, ಹಿರಿಯನು ಅದನ್ನು ಅವಮಾನವೆಂದು ಭಾವಿಸದಿರುವುದನ್ನು ಅಲ್ಲಿ ಅಭ್ಯಾಸ ಮಾಡಿಸುತ್ತಾರೆ. ಶಸ್ತ್ರಚಿಕಿತ್ಸೆಯ ಕೋಣೆಗೂ ಈ ಪಾಠ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅತುಲ್ ಗವಾಂಡೆ ಮತ್ತು ಅವರ ಸಂಗಡಿಗರು ಸಿದ್ಧಪಡಿಸಿದ ತಪಾಸಣಾ ಪಟ್ಟಿಯನ್ನು ದಿಲ್ಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಲಾಯಿತು. 2009ರಲ್ಲಿ ಪ್ರಕಟವಾದ ವರದಿಯಂತೆ ಸಾವಿನ ಪ್ರಮಾಣವು ಶೇಕಡಾ 1.5ರಿಂದ 0.8ಕ್ಕೆ, ದೊಡ್ಡ ತೊಡಕುಗಳು ಶೇಕಡಾ 11ರಿಂದ 7ಕ್ಕೆ ಇಳಿದವು. ಆ ಪಟ್ಟಿಯಲ್ಲಿ ಔಷಧ, ರಕ್ತ, ಉಪಕರಣಗಳ ಜೊತೆಗೆ ವಿಚಿತ್ರವೆನಿಸುವ ಒಂದು ಅಂಶವೂ ಇದೆ: ಕತ್ತಿ ತಾಗಿಸುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಕೆಲಸವನ್ನೂ ಬಾಯಿಬಿಟ್ಟು ಹೇಳಬೇಕು. ಒಮ್ಮೆ ದನಿ ಹೊರಟ ಗಂಟಲಿಗೆ ಎರಡನೆಯ ಸಲ ದನಿ ಹೊರಡಿಸುವುದು ಸುಲಭ.

ಬ್ಯಾಂಕಿನ ಕೌಂಟರಿಗೂ ಈ ವಿಷಯಕ್ಕೂ ಏನು ಸಂಬಂಧ ಎಂದು ಕೇಳಬಹುದು. ಎಪ್ಪತ್ತು ದಾಟಿದ ಒಬ್ಬ ಹಿರಿಯರು ಬೆಳಿಗ್ಗೆ ಬಾಗಿಲು ತೆರೆದೊಡನೆ ಬಂದು ತಮ್ಮ ನಿಶ್ಚಿತ ಠೇವಣಿಯನ್ನು ಮುರಿದು ಹಣವನ್ನೆಲ್ಲ ಯಾವುದೋ ದೂರದ ಊರಿನ ಖಾತೆಗೆ ಕಳುಹಿಸಬೇಕೆನ್ನುತ್ತಾರೆ. ಅರ್ಜಿ ಸರಿಯಾಗಿದೆ, ಸಹಿ ಹೊಂದುತ್ತದೆ, ನಿಯಮದ ಪ್ರಕಾರ ಅಡ್ಡಿಯಿಲ್ಲ. ಆದರೆ ಅವರ ಕೈ ನಡುಗುತ್ತಿದೆ, ಮೊಬೈಲನ್ನು ಕಿವಿಯಿಂದ ತೆಗೆಯುತ್ತಿಲ್ಲ. ಪೊಲೀಸರೆಂದು, ಸಿಬಿಐ ಅಧಿಕಾರಿಗಳೆಂದು ನಟಿಸಿ ವಿಡಿಯೋ ಕರೆಯಲ್ಲಿ ವೃದ್ಧರನ್ನು "ಡಿಜಿಟಲ್ ಅರೆಸ್ಟ್" ಮಾಡಿ ಹಣ ದೋಚುವ ಮೋಸವು ಈಚಿನ ವರ್ಷಗಳಲ್ಲಿ ಮಹಾನಗರಗಳಲ್ಲಿ ಎಷ್ಟು ಮನೆಗಳನ್ನು ಮುರಿದಿದೆ ಎಂಬುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಹೇಳಿದ್ದನ್ನು ಮಾಡುವ ಗುಮಾಸ್ತನು ಹತ್ತು ನಿಮಿಷದಲ್ಲಿ ಹಣ ಕಳುಹಿಸುತ್ತಾನೆ. ಅವನ ಮೇಲೆ ಯಾವ ತಪ್ಪನ್ನೂ ಹೊರಿಸಲಾಗದು. ಇನ್ನೊಬ್ಬನು "ಅಜ್ಜಾ, ಸ್ವಲ್ಪ ಕುಳಿತುಕೊಳ್ಳಿ, ನೀರು ಕುಡಿಯಿರಿ, ಯಾರ ಫೋನು ಅದು?" ಎಂದು ಕೇಳುತ್ತಾನೆ, ಮಗನಿಗೋ ಮಗಳಿಗೋ ಫೋನ್ ಮಾಡಿಸುತ್ತಾನೆ, 1930 ಎಂಬ ಸೈಬರ್ ಸಹಾಯವಾಣಿಯ ಸಂಖ್ಯೆಯನ್ನು ಕೈಗೆ ಕೊಡುತ್ತಾನೆ. ಹೀಗೆ ಉಳಿದ ಠೇವಣಿಗಳ ಸುದ್ದಿಯೂ ಆಗಾಗ ಬರುತ್ತದೆ.

ಆದರೆ ಈ ಎರಡನೆಯವನು ಒಂಟಿಯಾಗಿ ಹುಟ್ಟುವುದಿಲ್ಲ. ಕಳೆದ ವಾರ ಹೀಗೆಯೇ ಪ್ರಶ್ನೆ ಕೇಳಿ, ಸಿಡುಕಿನ ಗ್ರಾಹಕನಿಂದ ದೂರು ಬಂದಾಗ ಮ್ಯಾನೇಜರು ಏನೆಂದರು ಎಂಬುದರ ಮೇಲೆ ಇಂದಿನ ಪ್ರಶ್ನೆ ನಿಂತಿರುತ್ತದೆ. "ನಿಮಗೇಕೆ ಬೇಕಿತ್ತು ಉಸಾಬರಿ?" ಎಂದು ಒಮ್ಮೆ ಅಂದರೆ ಸಾಕು, ಆ ಶಾಖೆಯಲ್ಲಿ ಮುಂದಿನ ಐದು ವರ್ಷ ಯಾರೂ ಉಸಾಬರಿ ಮಾಡುವುದಿಲ್ಲ. ಅಮೆರಿಕದ ಏಮಿ ಎಡ್ಮಂಡ್‌ಸನ್ ಎಂಬ ವಿದುಷಿಯು 1990ರ ದಶಕದಲ್ಲಿ ಆಸ್ಪತ್ರೆಯ ದಾದಿಯರ ತಂಡಗಳನ್ನು ಅಭ್ಯಸಿಸಿದಾಗ, ಒಳ್ಳೆಯ ಮುಂದಾಳುಗಳಿದ್ದ ತಂಡಗಳಲ್ಲಿಯೇ ಔಷಧದ ತಪ್ಪುಗಳು ಹೆಚ್ಚೆಂದು ಕಾಗದದ ಮೇಲೆ ಕಂಡುಬಂದಿತು. ವಿಚಾರಿಸಿ ನೋಡಿದರೆ, ಆ ತಂಡಗಳಲ್ಲಿ ತಪ್ಪನ್ನು ಬಚ್ಚಿಡದೆ ಹೇಳುತ್ತಿದ್ದರು. ಉಳಿದೆಡೆ ತಪ್ಪುಗಳು ಕಪಾಟಿನೊಳಗೆ ಸೇರುತ್ತಿದ್ದವು. ಬ್ಯಾಂಕಿನಲ್ಲಿ ಲೆಕ್ಕಪರಿಶೋಧಕರು ಬರುವವರೆಗೂ ಎಲ್ಲ ಸರಿಯಿರುವ ಶಾಖೆಗಳ ಬಗ್ಗೆ ಅನುಭವಿಗಳು ಏಕೆ ಅನುಮಾನ ಪಡುತ್ತಾರೆ ಎಂಬುದು ಇದರಿಂದ ಅರ್ಥವಾದೀತು.

ಸರಕಾರಿ ವಲಯದಲ್ಲಿ ಒಂದು ವಿಶೇಷ ಕಷ್ಟವಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಇಲ್ಲಿ ನಿರ್ಣಯ ಕೈಗೊಳ್ಳದವನಿಗೆ ಶಿಕ್ಷೆಯಾದ ಉದಾಹರಣೆ ಅಪರೂಪ, ಕೈಗೊಂಡವನಿಗೆ ಹಲವು ವರ್ಷಗಳ ನಂತರ ವಿಚಾರಣೆಯ ಕಾಗದ ಬಂದ ಉದಾಹರಣೆ ಬೇಕಾದಷ್ಟು. ಸಾಲ ಕೊಟ್ಟ ಕಾರಖಾನೆ ಮುಚ್ಚಿಹೋದರೆ ಅದು ಮಾರುಕಟ್ಟೆಯ ಏರಿಳಿತವೋ ಅಧಿಕಾರಿಯ ದುರುದ್ದೇಶವೋ ಎಂದು ಹಿಂದಿರುಗಿ ನೋಡಿ ಹೇಳುವುದು ಸುಲಭವಲ್ಲ. ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ಸೇರಿಸಿದ 17ಎ ಕಲಮು, ಅಧಿಕಾರಿಯು ತನ್ನ ಕರ್ತವ್ಯದಲ್ಲಿ ಕೈಗೊಂಡ ನಿರ್ಣಯದ ಬಗ್ಗೆ ತನಿಖೆ ನಡೆಸಲು ಪೂರ್ವಾನುಮತಿ ಬೇಕೆಂದು ವಿಧಿಸಿದ್ದು ಈ ಭಯವನ್ನು ಕಂಡೇ. ಕಾಯಿದೆಯ ಚರ್ಚೆ ಹಾಗಿರಲಿ. ದಿನನಿತ್ಯದ ರಕ್ಷಣೆಯು ಅದಕ್ಕಿಂತ ಹತ್ತಿರದಲ್ಲಿದೆ. ಅದೇ ಹಳೆಯ ಕಾಲದ ಟಿಪ್ಪಣಿ. ಏನನ್ನು ಕಂಡೆ, ಯಾವ ಯಾವ ದಾರಿಗಳಿದ್ದವು, ಇದನ್ನೇ ಏಕೆ ಆರಿಸಿದೆ ಎಂದು ಅಂದಿನ ದಿನಾಂಕ ಹಾಕಿ ಬರೆದಿಟ್ಟ ಅರ್ಧ ಪುಟವು ಹಲವರ ನಿವೃತ್ತಿವೇತನವನ್ನು ಉಳಿಸಿದೆ. ಒಳ್ಳೆಯ ಮುಖ್ಯಸ್ಥನು ಕಿರಿಯನ ಟಿಪ್ಪಣಿಯ ಕೆಳಗೆ "ಚರ್ಚಿಸಿರಿ" ಎಂದು ಬರೆದು ವಾಪಸು ಕಳುಹಿಸುವುದಿಲ್ಲ. "ಒಪ್ಪಿದೆ" ಅಥವಾ "ಒಪ್ಪಿಲ್ಲ, ಕಾರಣ ಹೀಗೆ" ಎಂದು ಬರೆದು ಸಹಿ ಹಾಕುತ್ತಾನೆ. ಆ ಸಹಿಯೇ ಮುಂದಾಳತ್ವ.

ಅಧಿಕಾರವನ್ನು ಹಂಚಿಕೊಟ್ಟು ದೊಡ್ಡ ಕೆಲಸ ಸಾಧಿಸಿದ ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಮುಂಬಯಿಯ ಕರಾವಳಿ ಕನ್ನಡಿಗರು ವರ್ಷಕ್ಕೊಮ್ಮೆಯಾದರೂ ಅದರ ಮೇಲೆ ಪ್ರಯಾಣ ಮಾಡುತ್ತಾರೆ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ, 1990ರಲ್ಲಿ ಕೊಂಕಣ ರೈಲ್ವೆ ನಿಗಮವು ಸ್ಥಾಪನೆಯಾಯಿತು. ಅದೇ ವರ್ಷ ಭಾರತೀಯ ರೈಲ್ವೆಯಿಂದ ನಿವೃತ್ತರಾಗಿದ್ದ ಇ. ಶ್ರೀಧರನ್ ಅದರ ಮೊದಲ ಅಧ್ಯಕ್ಷರೂ ವ್ಯವಸ್ಥಾಪಕ ನಿರ್ದೇಶಕರೂ ಆದರು. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿಲೋಮೀಟರು. 90ಕ್ಕೂ ಹೆಚ್ಚು ಸುರಂಗಗಳು. ದೊಡ್ಡವೂ ಚಿಕ್ಕವೂ ಸೇರಿ ಸುಮಾರು 2,000 ಸೇತುವೆಗಳು. ಮಳೆಗಾಲದಲ್ಲಿ ಘಟ್ಟವೇ ಕುಸಿದು ಬರುವ ನೆಲ. ಇಂತಹ ಕೆಲಸದಲ್ಲಿ ಪ್ರತಿಯೊಂದು ಕಾಗದವೂ ಮುಂಬಯಿಯ ಮುಖ್ಯ ಕಚೇರಿಗೆ ಬಂದು ಹೋಗಬೇಕೆಂದಿದ್ದರೆ ಇಂದಿಗೂ ಸುರಂಗ ತೋಡುತ್ತಿದ್ದರು. ದಾರಿಯನ್ನು ಸುಮಾರು ನೂರು ನೂರು ಕಿಲೋಮೀಟರಿನ ಏಳು ವಿಭಾಗಗಳಾಗಿ ಒಡೆಯಲಾಯಿತು. ಕಾರವಾರ, ಉಡುಪಿಗಳು ಅವುಗಳಲ್ಲಿ ಎರಡು. ಪ್ರತಿಯೊಂದಕ್ಕೂ ಒಬ್ಬ ಮುಖ್ಯ ಇಂಜಿನಿಯರು. ಸ್ಥಳದಲ್ಲಿಯೇ ನಿರ್ಣಯಿಸುವ ಅಧಿಕಾರ ಆತನಿಗೆ. ಮುಗಿಸುವ ದಿನಾಂಕವು ಎಲ್ಲರಿಗೂ ತಿಳಿದಿತ್ತು. ದಾರಿ ಹುಡುಕುವುದು ಸ್ಥಳದಲ್ಲಿದ್ದವರ ಪಾಲಿಗೆ ಬಿಟ್ಟಿತ್ತು.

ಎಲ್ಲವೂ ಹೇಳಿದ ಹೊತ್ತಿಗೆ ಆಯಿತೆಂದಲ್ಲ. ಗೋವೆಯ ಪೆರ್ನೆಮ್ ಸುರಂಗದ ಮೆತ್ತನೆಯ ಮಣ್ಣು ಮತ್ತೆ ಮತ್ತೆ ಕುಸಿದು ವರ್ಷಗಟ್ಟಲೆ ಕಾಡಿತು. ಹಲವು ಕಾರ್ಮಿಕರು ಈ ದಾರಿಗಾಗಿ ಪ್ರಾಣವನ್ನೇ ತೆತ್ತರು. 1993ರಲ್ಲಿ ಮಂಗಳೂರು-ಉಡುಪಿಗಳ ನಡುವೆ ಗಾಡಿ ಓಡಿತು. 1998ರ ಜನವರಿ 26ರಂದು ಇಡೀ ದಾರಿ ಸಂಚಾರಕ್ಕೆ ತೆರೆಯಿತು. ಶ್ರೀಧರನ್ ಅವರ ಹೆಸರು ಎಲ್ಲರಿಗೂ ಗೊತ್ತು, ಆ ಏಳು ಮಂದಿಯ ಹೆಸರು ಗೊತ್ತಿದ್ದವರು ವಿರಳ ಎಂಬುದು ಮಾತ್ರ ಕೊಂಚ ಅನ್ಯಾಯವೇ ಸರಿ.

ತಾನಾಗಿ ಮುಂದೆ ಬರುವುದಕ್ಕೆ ಕಾರ್ಯಕ್ಷೇತ್ರದ ಎಲ್ಲೆಯೂ ಅಡ್ಡಿಯಾಗದು. ಉಡುಪಿಯ ಟಿ.ಎಂ.ಎ. ಪೈ ಅವರು ವೃತ್ತಿಯಿಂದ ವೈದ್ಯರು. 1925ರಲ್ಲಿ ಸಂಗಡಿಗರೊಡನೆ 8,000 ರೂಪಾಯಿಗಳ ಬಂಡವಾಳದಿಂದ ಆರಂಭಿಸಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಹೋಗಿ ಸಂಗ್ರಹಿಸುವ ಯೋಜನೆಯದು. ಬಡವನು ಬ್ಯಾಂಕಿಗೆ ಬರುವುದಿಲ್ಲ ಎಂದು ಉಳಿದವರು ಕೈಕಟ್ಟಿ ಕುಳಿತಿದ್ದಾಗ, ಬ್ಯಾಂಕೇ ಬಡವನ ಬಳಿಗೆ ಹೋಗಬಹುದಲ್ಲ ಎಂದು ಯೋಚಿಸುವುದಕ್ಕೆ ಅರ್ಥಶಾಸ್ತ್ರದ ಪದವಿ ಬೇಕಾಗಲಿಲ್ಲ. ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಆ ಸಂಸ್ಥೆಯು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಇನ್ನು ಭಾಷೆಯ ಮಾತು. ಹಿಂದಿಯಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ನಡೆಯುವ ಸಭೆಯಲ್ಲಿ ಲಿಂಗ ತಪ್ಪೀತು, ಉಚ್ಚಾರ ತಪ್ಪೀತು ಎಂಬ ಅಳುಕಿನಿಂದ ಕನ್ನಡಿಗನು ಒಳ್ಳೆಯ ಸಲಹೆಯನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡು ಎದ್ದು ಬರುವುದುಂಟು. ಅದೇ ಸಲಹೆಯನ್ನು ಮುಂದಿನ ತಿಂಗಳು ಇನ್ನೊಬ್ಬನು ಗಟ್ಟಿಯಾಗಿ ಹೇಳಿ ಹೊಗಳಿಸಿಕೊಳ್ಳುತ್ತಾನೆ. ಇಂಥವರು ಸಭೆಯ ಹಿಂದಿನ ದಿನವೇ ನಾಲ್ಕು ಸಾಲು ಬರೆದು ಮುಖ್ಯಸ್ಥನಿಗೆ ಕೊಡಬಹುದು. ಮುಖ್ಯಸ್ಥರಾದವರು ಸಭೆಯಲ್ಲಿ ಎಲ್ಲರಿಗಿಂತ ಕಿರಿಯನನ್ನು ಮೊದಲು ಕೇಳಿ, ತಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಬಹುದು. ಹಿರಿಯರು ಬಾಯಿಬಿಟ್ಟ ಮೇಲೆ ಉಳಿದವರ ತಲೆಗಳು ಅತ್ತಿಂದಿತ್ತ ಅಲ್ಲಾಡುವುದಷ್ಟೇ ಉಳಿಯುತ್ತದೆ.

ಹಾಗೆಂದು ಇವರಿಗೆ ಮುಂದಾಳತ್ವ ಗೊತ್ತಿಲ್ಲವೆಂದು ಹೇಳಿದರೆ ಅದು ಶುದ್ಧ ಸುಳ್ಳು. ಕಚೇರಿಯಲ್ಲಿ ತುಟಿ ಬಿಚ್ಚದ ಅದೇ ಗುಮಾಸ್ತರು ರಾಜ್ಯೋತ್ಸವದ ದಿನ ಸಂಘದ ಸಭಾಭವನದಲ್ಲಿ ಐನೂರು ಎಲೆ ಹಾಕಿಸಿ ಊಟ ಬಡಿಸುತ್ತಾರೆ. ಅಡಿಗೆಯವರು ಹೇಳಿದ ಹೊತ್ತಿಗೆ ಬಾರದಿದ್ದರೆ ಬೇರೆಯವರನ್ನು ಹಿಡಿದು ತರುತ್ತಾರೆ; ಧ್ವನಿವರ್ಧಕ ಕೆಟ್ಟರೆ ಕಾರ್ಯದರ್ಶಿಯ ಅಪ್ಪಣೆಗಾಗಿ ಕಾಯುವುದಿಲ್ಲ; ಯಾರು ಯಾವ ಕೆಲಸಕ್ಕೆ ತಕ್ಕವರೆಂಬುದನ್ನು ಮುಖ ನೋಡಿ ಬಲ್ಲರು. ಅಲ್ಲಿ ತಪ್ಪಿದರೆ ಮೆಮೋ ಬರುವುದಿಲ್ಲ, ಗೆದ್ದರೆ ನಾಲ್ಕು ಜನ ಭೇಷ್ ಎನ್ನುತ್ತಾರೆ. ಅದೇ ಮನುಷ್ಯ, ಅದೇ ಬುದ್ಧಿ. ಸುತ್ತಲಿನ ಗಾಳಿ ಬೇರೆ. ಆ ಗಾಳಿಯನ್ನು ಕಚೇರಿಗೆ ತರುವ ಕೆಲಸವು ಅರ್ಧ ಮುಖ್ಯಸ್ಥನದು, ಅರ್ಧ ಅವನದೇ.

ಕೊನೆಯದಾಗಿ ಪ್ರತಿಯೊಂದು ಕಚೇರಿಯೂ ಎಂದಾದರೊಮ್ಮೆ ಎದುರಿಸಬೇಕಾದ ಒಂದು ಪರೀಕ್ಷೆ. ಮಧ್ಯಾಹ್ನದ ಹೊತ್ತು, ಮೇಜಿನ ಮುಂದೆ ಕುಳಿತವನು ಕುಸಿದು ಬೀಳುತ್ತಾನೆ. ಇಪ್ಪತ್ತು ಮಂದಿ ಸುತ್ತುವರಿಯುತ್ತಾರೆ. ಎಲ್ಲರೂ ಮ್ಯಾನೇಜರ ಕೋಣೆಯತ್ತ ನೋಡುತ್ತಾರೆ. ಜನ ಹೆಚ್ಚಾದಷ್ಟೂ ಪ್ರತಿಯೊಬ್ಬನೂ ಇನ್ನೊಬ್ಬನು ಮಾಡಿಯಾನು ಎಂದು ಕಾಯುತ್ತಾನೆಂಬುದನ್ನು ಡಾರ್ಲಿ ಮತ್ತು ಲಟಾನೆ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ಬಿದ್ದವನು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಹೃದಯ ನಿಂತಿದೆಯೆಂದೇ ಭಾವಿಸಬೇಕು. ಆಗ "ಯಾರಾದರೂ ಫೋನ್ ಮಾಡಿ" ಎಂದರೆ ಯಾರೂ ಮಾಡುವುದಿಲ್ಲ. ಒಬ್ಬರನ್ನು ಹೆಸರು ಹಿಡಿದು ಕರೆದು 112ಕ್ಕೆ ಅಥವಾ ಆ ರಾಜ್ಯದ 108ಕ್ಕೆ ಫೋನ್ ಮಾಡಲು, ಇನ್ನೊಬ್ಬರನ್ನು ಕೆಳಗಿಳಿದು ಆಂಬ್ಯುಲೆನ್ಸಿಗೆ ದಾರಿ ತೋರಲು ಹೇಳಬೇಕು. ತಾನು ಅಂಗಾತ ಮಲಗಿಸಿದವನ ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ಇನ್ನೊಂದು ಕೈಯನ್ನು ಅದರ ಮೇಲಿಟ್ಟು, ಮೊಣಕೈ ಮಡಿಸದೆ, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರು ಆಳಕ್ಕೆ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು, ಏಕೆಂದರೆ ದಣಿದ ಕೈಯ ಒತ್ತು ಆಳಕ್ಕೆ ಇಳಿಯದು. ಇದನ್ನು ಬೊಂಬೆಯ ಮೇಲೆ ಕಲಿಯಲು ಅರ್ಧ ದಿನ ಸಾಕು. ಸಂಘದಲ್ಲಿರುವ ವೈದ್ಯ ಸದಸ್ಯರನ್ನು ಕೇಳಿಕೊಂಡರೆ ಒಂದು ಭಾನುವಾರ ಬೆಳಿಗ್ಗೆ ಮೂವತ್ತು ಮಂದಿಗೆ ಕಲಿಸಿಕೊಟ್ಟಾರು. ಕೇಳಲು ಮಾತ್ರ ಯಾರಾದರೊಬ್ಬರು ಹೋಗಬೇಕು.